ಮೂವತ್ತು ದಿನ, ಮೂರು ಕೋಟಿ ಡಾಲರ್: ‘ಬ್ರೂಸ್ಟರ್ಸ್ ಮಿಲಿಯನ್ಸ್’ ಸಿನಿಮಾವನ್ನು ಮನೆಮಂದಿಯೆಲ್ಲ ಕೂತು ನೋಡುವುದು ಹೇಗೆ?

‘ಮನೆಯಲ್ಲಿ ಅಜ್ಜಿ ಇದ್ದಾರೆ, ಹತ್ತು ವರ್ಷದ ಮಗ ಇದ್ದಾನೆ. ಎಲ್ಲರೂ ಒಟ್ಟಿಗೆ ಕೂತು ನಗುವಂಥ ಹಳೆ ಸಿನಿಮಾ ಒಂದು ಹೇಳಿ.’ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಪ್ರತಿ ಸಲವೂ ನಾನು ಹೇಳುವ ಹೆಸರುಗಳಲ್ಲಿ 1985ರ ‘ಬ್ರೂಸ್ಟರ್ಸ್ ಮಿಲಿಯನ್ಸ್’ ಇದ್ದೇ ಇರುತ್ತದೆ. ಆಮೇಲೆ ಅದೇ ಓದುಗರಿಂದ ಎರಡನೇ ಪ್ರಶ್ನೆ ಬರುತ್ತದೆ. ‘ನೋಡಿದ್ವಿ. ಆದರೆ ಅಜ್ಜಿಗೆ ತಲೆಬುಡ ಗೊತ್ತಾಗಲಿಲ್ಲ, ಮಗ ಅರ್ಧಕ್ಕೇ ಎದ್ದು ಹೋದ. ದುಡ್ಡು ಖರ್ಚು ಮಾಡೋದರಲ್ಲಿ ಅಷ್ಟು ಕಷ್ಟ ಏನಿದೆ? ಒಂದು ಬಂಗಲೆ ತಗೊಂಡ್ರೆ ಮುಗೀತಲ್ವಾ?’

ಬಂಗಲೆ ತಗೊಂಡರೆ ಅವನು ಸೋತ. ಯಾಕೆ ಸೋತ ಅನ್ನುವುದು ಗೊತ್ತಿದ್ದರೆ ಈ ಸಿನಿಮಾ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಗೊತ್ತಿಲ್ಲದಿದ್ದರೆ ಒಬ್ಬ ಮನುಷ್ಯ ಸುಮ್ನೆ ದುಡ್ಡು ಚೆಲ್ಲಾಡುತ್ತಾ ಓಡಾಡುವುದಷ್ಟೇ ಕಾಣುತ್ತದೆ. ಇದರ ತಮಾಷೆಯೆಲ್ಲ ನಿಯಮಗಳಲ್ಲಿದೆ. ಹಾಗಾಗಿ ನಿಯಮಗಳನ್ನು ಮೊದಲು ಎಲ್ಲರ ಕೈಗೆ ಕೊಟ್ಟು, ಆಮೇಲೆ ಸಿನಿಮಾ ಹಾಕಬೇಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಸಿನಿಮಾದ ಕೊನೆಯನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ.

ಏನೇನು ಬೇಕು?

ಸಿನಿಮಾ ನೂರು ನಿಮಿಷದ ಆಸುಪಾಸಿನದು. ಮುಂಚಿನ ವಿವರಣೆ, ನಡುವಿನ ನಿಲುಗಡೆ, ಕೊನೆಯ ಆಟ ಎಲ್ಲ ಸೇರಿ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ. ದೊಡ್ಡ ಹಾಳೆ ಒಂದು, ದಪ್ಪ ಪೆನ್ನು ಒಂದು. ಆಟಕ್ಕೆ ಪ್ರತಿಯೊಬ್ಬರಿಗೂ ಒಂದು ಖಾಲಿ ಪುಟ. ಇಂಗ್ಲಿಷ್ ಚೆನ್ನಾಗಿ ಬರುವವರು ಒಬ್ಬರಾದರೂ ಇರಲಿ. ರಿಮೋಟ್ ಅವರ ಕೈಯಲ್ಲಿರಲಿ.

ಹಂತ 1: ಸರಿಯಾದ ಸಿನಿಮಾವನ್ನೇ ಹುಡುಕಿ

ಇಲ್ಲೇ ಬಹಳ ಜನ ಎಡವುತ್ತಾರೆ. ಈ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಸಿನಿಮಾಗಳಿವೆ. ಮೂಲ ಕಥೆ ಅಮೆರಿಕದ ಲೇಖಕ ಜಾರ್ಜ್ ಬಾರ್ ಮೆಕ್‌ಕಚನ್ 1902ರಲ್ಲಿ ಪ್ರಕಟಿಸಿದ ಕಾದಂಬರಿ. ಅದರಲ್ಲಿ ಮಾಂಟಿ ಬ್ರೂಸ್ಟರ್ ಎಂಬ ಯುವಕನಿಗೆ ತಾತನಿಂದ 10 ಲಕ್ಷ ಡಾಲರ್ ಬರುತ್ತದೆ. ಅದನ್ನು ಒಂದು ವರ್ಷದೊಳಗೆ ಪೂರ್ತಿ ಕರಗಿಸಿ ಬರಿಗೈ ಆದರೆ, ತಾತನನ್ನು ಕಂಡರಾಗದ ಇನ್ನೊಬ್ಬ ಸಂಬಂಧಿಯ 70 ಲಕ್ಷ ಡಾಲರ್ ಸಿಗುತ್ತದೆ. ಕಥೆಯ ಈ ಬೀಜ ಎಷ್ಟು ಗಟ್ಟಿಯೆಂದರೆ, 1906ರಲ್ಲಿ ನಾಟಕವಾಯಿತು, 1914ರಲ್ಲಿ ಮೂಕಿ ಚಿತ್ರವಾಯಿತು. ಆಮೇಲೆ 1921, 1935, 1945ರಲ್ಲಿ ಮತ್ತೆ ಮತ್ತೆ ತೆರೆಗೆ ಬಂತು.

ನಿಮಗೆ ಬೇಕಾದ್ದು 1985ರದ್ದು. ನಿರ್ದೇಶಕ ವಾಲ್ಟರ್ ಹಿಲ್. ಮಾಂಟಿ ಬ್ರೂಸ್ಟರ್ ಪಾತ್ರದಲ್ಲಿ ರಿಚರ್ಡ್ ಪ್ರಯರ್, ಅವನ ಗೆಳೆಯ ಸ್ಪೈಕ್ ಆಗಿ ಜಾನ್ ಕ್ಯಾಂಡಿ. ಬಾಡಿಗೆಗೆ ತೆಗೆದುಕೊಳ್ಳುವ ಮೊದಲು ಇಸವಿ ಮತ್ತು ಈ ಇಬ್ಬರ ಹೆಸರು ನೋಡಿಕೊಳ್ಳಿ. 1945ರ ಕಪ್ಪು-ಬಿಳುಪು ಚಿತ್ರವೂ ಚೆನ್ನಾಗಿದೆ, ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕನ ಕಥೆ ಅದು. ಆದರೆ ಮಾತಿನ ವೇಗ ಜಾಸ್ತಿ, ಮೊದಲ ಸಲ ಕೂರುವ ಮಕ್ಕಳಿಗೆ ಕಷ್ಟ.

ಇನ್ನೊಂದು ಎಚ್ಚರಿಕೆ. ಸಿನಿಮಾ ಹುಡುಕುವಾಗ ಕಥಾಸಾರ ಓದಬೇಡಿ, ಮಕ್ಕಳಿಗೂ ಓದಲು ಬಿಡಬೇಡಿ. ಕೊನೆಯ ಹತ್ತು ನಿಮಿಷದ ಗುಟ್ಟು ಎಲ್ಲ ಸಾರಾಂಶಗಳಲ್ಲೂ ಬಯಲಾಗಿ ಬಿದ್ದಿದೆ.

ವಯಸ್ಸಿನ ವಿಷಯ. ಅಮೆರಿಕದಲ್ಲಿ ಇದಕ್ಕೆ ‘ಪಿಜಿ’ ದರ್ಜೆ ಕೊಟ್ಟಿದ್ದಾರೆ, ಅಂದರೆ ಮಕ್ಕಳು ದೊಡ್ಡವರ ಜೊತೆ ನೋಡಬಹುದು. ಕೆಲವು ಒರಟು ಬೈಗುಳಗಳಿವೆ, ಶುರುವಿನಲ್ಲೇ ಒಂದು ಬಾರ್ ಜಗಳ ಇದೆ. ನನ್ನ ಅಭಿಪ್ರಾಯದಲ್ಲಿ ಹತ್ತು ವರ್ಷ ದಾಟಿದವರಿಗೆ ಸರಿ. ಅದಕ್ಕಿಂತ ಚಿಕ್ಕವರಿಗೆ ಬೈಗುಳಕ್ಕಿಂತ ಲೆಕ್ಕವೇ ದೊಡ್ಡ ಅಡ್ಡಿ.

ಹಂತ 2: ನಿಯಮಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ

ಮೊದಲು ಎರಡು ಸಾಲಿನಲ್ಲಿ ಕಥೆ ಹೇಳಿ. ಮಾಂಟಿ ಒಂದು ಚಿಕ್ಕ ತಂಡದ ಬೇಸ್‌ಬಾಲ್ ಆಟಗಾರ. ಜೇಬು ಸದಾ ಖಾಲಿ. ಅವನು ಯಾವತ್ತೂ ನೋಡಿರದ ಮುದಿ ಶ್ರೀಮಂತ ಬಂಧು ರೂಪರ್ಟ್ ಹಾರ್ನ್ ಸತ್ತು, ಒಂದು ವಿಚಿತ್ರ ವಿಲ್ ಬಿಟ್ಟುಹೋಗಿದ್ದಾನೆ. 30 ದಿನದಲ್ಲಿ 3 ಕೋಟಿ ಡಾಲರ್ ಪೂರ್ತಿ ಖರ್ಚು ಮಾಡು, ಆಗ 30 ಕೋಟಿ ಡಾಲರ್ ನಿನ್ನದು. ಖರ್ಚು ಮಾಡಲು ಆಗದಿದ್ದರೆ ಏನೂ ಇಲ್ಲ.

ಯಾಕೆ ಹೀಗೆ? ಹಾರ್ನ್ ಚಿಕ್ಕವನಿದ್ದಾಗ ಸಿಗಾರ್ ಸೇದಿ ಸಿಕ್ಕಿಬಿದ್ದಿದ್ದ. ಅಪ್ಪ ಅವನನ್ನು ಒಂದು ಪೆಟ್ಟಿಗೆ ಸಿಗಾರ್ ಜೊತೆ ಕೋಣೆಯಲ್ಲಿ ಕೂಡಿಹಾಕಿ, ಎಲ್ಲ ಸೇದಿ ಮುಗಿಸು ಅಂದಿದ್ದ. ದುಡ್ಡು ಖರ್ಚು ಮಾಡುವುದೆಂದರೆ ಮಾಂಟಿಗೂ ಹಾಗೇ ವಾಕರಿಕೆ ಬರಬೇಕು ಅನ್ನುವುದು ಮುದುಕನ ಆಸೆ. ಇಷ್ಟು ಹೇಳಿದರೆ ಅಜ್ಜಿಗೆ ತಕ್ಷಣ ಅರ್ಥವಾಗುತ್ತದೆ.

ಈಗ ಹಾಳೆಯಲ್ಲಿ ಇವನ್ನು ದಪ್ಪಕ್ಷರದಲ್ಲಿ ಬರೆಯಿರಿ:

1. 30ನೇ ದಿನ ಮುಗಿದಾಗ ಒಂದು ಪೈಸೆಯೂ ಉಳಿದಿರಬಾರದು.
2. ಆ ದುಡ್ಡಿನಿಂದ ಕೊಂಡ ಯಾವ ಆಸ್ತಿಯೂ ಉಳಿದಿರಬಾರದು.
3. ಯಾರಿಗಾದರೂ ಸಂಬಳ ಕೊಟ್ಟರೆ ಅವರಿಂದ ಕೆಲಸ ಪಡೆದಿರಬೇಕು.
4. ದಾನಕ್ಕೆ ಶೇ 5ರ ಮಿತಿ. ಜೂಜಿನಲ್ಲಿ ಸೋಲುವುದಕ್ಕೂ ಶೇ 5ರ ಮಿತಿ.
5. ಬೆಲೆಬಾಳುವ ವಸ್ತು ಕೊಂಡು ಬೇಕಂತಲೇ ಹಾಳು ಮಾಡುವಂತಿಲ್ಲ.
6. ಯಾಕೆ ಖರ್ಚು ಮಾಡುತ್ತಿದ್ದೇನೆ ಅಂತ ಯಾರಿಗೂ ಹೇಳುವಂತಿಲ್ಲ.

ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ. ಈ ಪಂದ್ಯವೇ ಬೇಡ ಅಂದರೆ ಶುರುವಿನಲ್ಲೇ 10 ಲಕ್ಷ ಡಾಲರ್ ತಗೊಂಡು ಮನೆಗೆ ಹೋಗಬಹುದು. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ ಅಂತ ಎಲ್ಲರನ್ನೂ ಕೇಳಿ, ಹೆಸರಿನ ಎದುರು ಬರೆದಿಟ್ಟುಕೊಳ್ಳಿ. ಸಿನಿಮಾ ಮುಗಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುವಿರಂತೆ.

ಎರಡನೇ ನಿಯಮವನ್ನು ಚೆನ್ನಾಗಿ ಬಿಡಿಸಿ ಹೇಳಿ. ಇಡೀ ಸಿನಿಮಾ ನಿಂತಿರುವುದು ಅದರ ಮೇಲೆ. ಆಸ್ತಿ ಅಂದರೆ ಮನೆ, ಸೈಟು ಮಾತ್ರ ಅಲ್ಲ. ನಾಳೆ ಮಾರಿದರೆ ದುಡ್ಡು ಬರುವಂಥದ್ದು ಏನಿದ್ದರೂ ಆಸ್ತಿಯೇ. ಕಾರು, ಚಿನ್ನ, ಷೇರು, ಸೋಫಾ, ವಾಚು ಎಲ್ಲವೂ. ಖರ್ಚು ಅಂದರೆ ಆಗಿಹೋದದ್ದು. ಊಟ, ಬಾಡಿಗೆ, ಸಂಬಳ, ಪ್ರಯಾಣ. ಹೀಗಾಗಿಯೇ ಮಾಂಟಿ ಬಂಗಲೆ ಕೊಳ್ಳದೆ ಐಷಾರಾಮಿ ಹೋಟೆಲ್ ಸೂಟ್ ಬಾಡಿಗೆ ಹಿಡಿಯುತ್ತಾನೆ, ಒಂದೊಂದು ಕೆಲಸಕ್ಕೂ ಆಳಿಟ್ಟು ವಿಪರೀತ ಸಂಬಳ ಕೊಡುತ್ತಾನೆ.

ಆರನೇ ನಿಯಮವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನಗೆ ಕೇಳಿದರೆ ಕಥೆಯ ಜೀವ ಇರುವುದು ಅದರಲ್ಲೇ. ಗೆಳೆಯ ಸ್ಪೈಕ್ ಪಾಪದವನು. ಮಾಂಟಿ ಹಾಳಾಗುತ್ತಿದ್ದಾನೆ ಅಂತ ಅವನಿಗೆ ನಿಜವಾಗಲೂ ಸಂಕಟ. ಅದಕ್ಕೇ ಅವನು ಗುಟ್ಟಾಗಿ ಒಳ್ಳೆ ಕಡೆ ದುಡ್ಡು ಹಾಕಿ ಲಾಭ ತಂದುಕೊಡುತ್ತಾನೆ. ಆ ಲಾಭ ಕಂಡು ಮಾಂಟಿಯ ಮುಖ ಬಾಡುತ್ತದೆ. ಪ್ರೀತಿಯಿಂದ ಮಾಡಿದ ಸಹಾಯವೇ ಕುತ್ತಾಗುವ ಈ ದೃಶ್ಯಗಳಲ್ಲಿ ರಿಚರ್ಡ್ ಪ್ರಯರ್ ಮುಖವನ್ನು ನೋಡಬೇಕು. ಅಲ್ಲಿ ಸಬ್‌ಟೈಟಲ್ಲೇ ಬೇಡ.

ಹಂತ 3: ದುಡ್ಡಿನ ಲೆಕ್ಕವನ್ನು ನಮ್ಮ ಕೋಟಿ-ಲಕ್ಷಕ್ಕೆ ಇಳಿಸಿ

ಸಿನಿಮಾದಲ್ಲಿ ಎಲ್ಲವೂ ಮಿಲಿಯನ್. ಕೇಳಿದ ತಕ್ಷಣ ಅದು ಎಷ್ಟು ಅಂತ ನಮ್ಮ ಮನಸ್ಸಿಗೆ ಹೊಳೆಯುವುದಿಲ್ಲ. ಒಂದು ಮಿಲಿಯನ್ ಅಂದರೆ 10 ಲಕ್ಷ ಅಂತ ಹಾಳೆಯ ಮೇಲ್ಭಾಗದಲ್ಲೇ ಬರೆಯಿರಿ. 30 ಮಿಲಿಯನ್ ಅಂದರೆ 3 ಕೋಟಿ, 300 ಮಿಲಿಯನ್ ಅಂದರೆ 30 ಕೋಟಿ. ಮೂರು ಕೋಟಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 10 ಲಕ್ಷ ಡಾಲರ್. ದಾನಕ್ಕೆ ಶೇ 5 ಅಂದರೆ 15 ಲಕ್ಷ ಡಾಲರ್, ಅಂದರೆ ಒಂದೂವರೆ ದಿನದ ಖರ್ಚು ಮಾತ್ರ. ದಾನ ಮಾಡಿ ತಪ್ಪಿಸಿಕೊಳ್ಳುವ ದಾರಿ ಎಷ್ಟು ಚಿಕ್ಕದು ಅಂತ ಆಗ ಗೊತ್ತಾಗುತ್ತದೆ.

ರೂಪಾಯಿಯಲ್ಲಿ ಎಷ್ಟು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಇವತ್ತಿನ ದರದಲ್ಲಿ ಗುಣಿಸಬೇಡಿ. 1985ರಲ್ಲಿ ಒಂದು ಡಾಲರ್‌ಗೆ 12 ರೂಪಾಯಿಯ ಆಸುಪಾಸು ಇತ್ತು. ಅಂದರೆ ಮಾಂಟಿ ಕರಗಿಸಬೇಕಾದ್ದು ಆಗಿನ ಸುಮಾರು 36 ಕೋಟಿ ರೂಪಾಯಿ. ಆ ಕಾಲದಲ್ಲಿ ತಮ್ಮ ಸಂಬಳ ಎಷ್ಟಿತ್ತು, ಮನೆ ಬಾಡಿಗೆ ಎಷ್ಟಿತ್ತು ಅಂತ ಹೇಳಲು ಮನೆಯ ಹಿರಿಯರಿಗೆ ಬಿಡಿ.

ಹಂತ 4: ಗೊತ್ತಿಲ್ಲದ ಪದಗಳನ್ನು ಮುಂಚೆಯೇ ಹೇಳಿಬಿಡಿ

ಬೇಸ್‌ಬಾಲ್ ಪೂರ್ತಿ ಕಲಿಸುವ ಅಗತ್ಯ ಇಲ್ಲ. ಇಷ್ಟು ಸಾಕು. ಪಿಚರ್ ಅಂದರೆ ಚೆಂಡೆಸೆಯುವವನು. ಮಾಂಟಿ ಅದೇ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಮೈನರ್ ಲೀಗ್ ಅಂದರೆ ಕೆಳದರ್ಜೆಯ ಪಂದ್ಯಾವಳಿ. ಮಾಂಟಿಯ ತಂಡದ ಹೆಸರು ಹ್ಯಾಕೆನ್‌ಸ್ಯಾಕ್ ಬುಲ್ಸ್. ಹ್ಯಾಕೆನ್‌ಸ್ಯಾಕ್ ಎಂಬುದು ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿ ರಾಜ್ಯದ ಒಂದು ಊರು. ಅವರು ಆಡುವ ಮೈದಾನದ ನಡುವೆಯೇ ರೈಲು ಹಾದುಹೋಗುತ್ತದೆ, ಅದು ಹೋಗುವವರೆಗೆ ಆಟ ನಿಲ್ಲುತ್ತದೆ. ನ್ಯೂಯಾರ್ಕ್ ಯಾಂಕೀಸ್ ಅಂದರೆ ಇಡೀ ಅಮೆರಿಕಕ್ಕೇ ಹೆಸರಾದ ದೊಡ್ಡ ತಂಡ. ರೈಲು ಓಡುವ ಮೈದಾನದ ಹುಡುಗರು ಆ ತಂಡವನ್ನೇ ದುಡ್ಡು ಕೊಟ್ಟು ಮೂರು ಇನಿಂಗ್ಸ್ ಆಟಕ್ಕೆ ಕರೆಸುತ್ತಾರೆ. ಈ ಅಂತರ ಗೊತ್ತಿದ್ದರೆ ಆ ಪಂದ್ಯಕ್ಕೆ ಮೈ ಜುಮ್ಮೆನ್ನುತ್ತದೆ.

ವಕೀಲರ ಕಚೇರಿಯ ಪದಗಳು ಮೂರೇ ಮೂರು. ವಿಲ್ ಅಂದರೆ ಉಯಿಲು, ಸತ್ತವರು ತಮ್ಮ ಆಸ್ತಿ ಯಾರಿಗೆ ಅಂತ ಬರೆದಿಟ್ಟ ಪತ್ರ. ಎಕ್ಸಿಕ್ಯೂಟರ್ ಅಂದರೆ ಅದನ್ನು ಜಾರಿಗೆ ತರುವವರು. ಪ್ಯಾರಾಲೀಗಲ್ ಅಂದರೆ ವಕೀಲರ ಕೈಕೆಳಗೆ ಕಾಗದಪತ್ರ ನೋಡಿಕೊಳ್ಳುವವರು. ಲೊನೆಟ್ ಮೆಕೀ ಮಾಡಿರುವ ಏಂಜೆಲಾ ಡ್ರೇಕ್ ಅಂಥವಳು. ಮಾಂಟಿಯ ಪ್ರತಿ ಖರ್ಚಿಗೂ ರಸೀದಿ ಇಡುವುದು ಅವಳ ಕೆಲಸ. ಅವಳಿಗೂ ಗುಟ್ಟು ಗೊತ್ತಿಲ್ಲ. ರಸೀದಿ ಎಂಬ ಪದ ಬಂದಾಗಲೆಲ್ಲ ಕಿವಿ ನೆಟ್ಟಗಿರಲಿ ಅಂತ ಮಕ್ಕಳಿಗೆ ಹೇಳಿಡಿ. ಯಾಕೆ ಅಂತ ಹೇಳಬೇಡಿ.

ಇನ್ನು ಭಾಷೆ. ಕನ್ನಡ ಸಬ್‌ಟೈಟಲ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ರಿಮೋಟ್ ಹಿಡಿದವರು ದೃಶ್ಯ ಮುಗಿದ ಮೇಲೆ ಒಂದೇ ವಾಕ್ಯದಲ್ಲಿ ಹೇಳಲಿ. ಪ್ರತಿ ಮಾತನ್ನೂ ಅನುವಾದ ಮಾಡಲು ಹೋಗಬೇಡಿ. ಮಾತು ಮಾತಿಗೂ ವಿವರಣೆ ಕೊಟ್ಟರೆ ಯಾರೂ ನಗುವುದಿಲ್ಲ. ‘ಈಗ ಜೂಜಿನಲ್ಲಿ ಗೆದ್ದುಬಿಟ್ಟ, ಅದಕ್ಕೇ ಅಳುಮುಖ’ ಅಂದರೆ ಸಾಕು.

ಹಂತ 5: ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು

ಮೂರು ಕಡೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಬೇಡ.

ಮೊದಲನೆಯದು, ಹಾರ್ನ್ ತೆರೆಯ ಮೇಲೆ ಬಂದು ತನ್ನ ವಿಲ್ ವಿವರಿಸಿ ಮುಗಿಸಿದಾಗ. ಈ ಪಾತ್ರ ಮಾಡಿರುವವರು ಹಿರಿಯ ನಟ ಹ್ಯೂಮ್ ಕ್ರೋನಿನ್. ಮಾತು ತುಸು ಉದ್ದ, ಆದರೆ ಸಿನಿಮಾದ ಬುನಾದಿಯೇ ಅದು. ಗೋಡೆಯ ಹಾಳೆ ತೋರಿಸಿ, ನಿಯಮ ಎಲ್ಲರಿಗೂ ತಲೆಗೆ ಹೋಗಿದೆಯಾ ಅಂತ ನೋಡಿಕೊಳ್ಳಿ. ಇಲ್ಲಿ ಎರಡು ನಿಮಿಷ ಕೊಟ್ಟರೆ ಮುಂದೆ ಎಲ್ಲೂ ಪ್ರಶ್ನೆ ಬರುವುದಿಲ್ಲ.

ಎರಡನೆಯದು, ಅಂಚೆಚೀಟಿಯ ದೃಶ್ಯ. ಇದು ನನಗೆ ತುಂಬ ಇಷ್ಟ. 1918ರಲ್ಲಿ ಅಮೆರಿಕದ ಅಂಚೆ ಇಲಾಖೆ 24 ಸೆಂಟಿನ ವಿಮಾನ ಅಂಚೆಚೀಟಿ ಹೊರತಂದಿತು. ಮುದ್ರಣದ ಎಡವಟ್ಟಿನಿಂದ ಒಂದು ಹಾಳೆಯಲ್ಲಿ ವಿಮಾನದ ಚಿತ್ರ ತಲೆಕೆಳಗಾಯಿತು. ಆ ಹಾಳೆಯಲ್ಲಿದ್ದ 100 ಚೀಟಿಗಳಷ್ಟೇ ಹೊರಗೆ ಬಂದವು. ‘ಇನ್‌ವರ್ಟೆಡ್ ಜೆನ್ನಿ’ ಅಂತ ಅದರ ಹೆಸರು. ಜೆನ್ನಿ ಅನ್ನುವುದು ಆ ವಿಮಾನಕ್ಕೆ ಜನ ಇಟ್ಟಿದ್ದ ಹೆಸರು. ಚೀಟಿ ಸಂಗ್ರಹಿಸುವವರಿಗೆ ಅದು ಪ್ರಪಂಚದ ಅತಿ ಪ್ರಸಿದ್ಧ ಚೀಟಿಗಳಲ್ಲಿ ಒಂದು. ಮಾಂಟಿ ಅದನ್ನು ಕೊಳ್ಳುತ್ತಾನೆ.

ಅಲ್ಲಿ ನಿಲ್ಲಿಸಿ ಕೇಳಿ: ‘ಇದು ಆಸ್ತಿ ಆಯ್ತಲ್ವಾ? ಹರಿದು ಹಾಕುವಂತಿಲ್ಲ, ಐದನೇ ನಿಯಮ ಇದೆ. ಈಗೇನು ಮಾಡುತ್ತಾನೆ?’ ಎಲ್ಲರೂ ಊಹೆ ಮಾಡಲಿ. ಆಮೇಲೆ ಮುಂದುವರಿಸಿ. ಮಾಂಟಿ ಅದನ್ನು ಅಂಚೆಚೀಟಿಯ ಹಾಗೆಯೇ ಬಳಸುತ್ತಾನೆ, ಒಂದು ಪೋಸ್ಟ್‌ಕಾರ್ಡಿಗೆ ಅಂಟಿಸಿ ಕಳಿಸಿಬಿಡುತ್ತಾನೆ! ಹಾಳು ಮಾಡಿದ ಅಂತ ಯಾರೂ ಹೇಳುವಂತಿಲ್ಲ. ಚೀಟಿ ಇರುವುದೇ ಅಂಟಿಸುವುದಕ್ಕೆ. ನಿಯಮವನ್ನು ಮುರಿಯದೆ ನಿಯಮದೊಳಗೇ ದಾರಿ ಹುಡುಕುವ ಇಂಥ ಜಾಣತನ ಈ ಕಥೆಯ ದೊಡ್ಡ ಸುಖ.

ಮೂರನೆಯದು, ಚುನಾವಣೆ. ದುಡ್ಡು ಕರಗಿಸಲು ಚುನಾವಣೆಯಷ್ಟು ಒಳ್ಳೆ ಜಾಗ ಇಲ್ಲ ಅಂತ ಮಾಂಟಿಗೆ ಹೊಳೆಯುತ್ತದೆ. ಅವನು ನ್ಯೂಯಾರ್ಕ್ ಮೇಯರ್ ಚುನಾವಣೆಗೆ ಇಳಿದು ‘ಮೇಲಿನ ಯಾರೂ ಬೇಡ’ ಅಂತ ಪ್ರಚಾರ ಮಾಡುತ್ತಾನೆ. ನಮ್ಮ ಓದುಗರಿಗೆ ಇದು ತಕ್ಷಣ ಅರ್ಥವಾಗುತ್ತದೆ, ನಮಗೆ ನೋಟಾ ಗೊತ್ತು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2013ರಲ್ಲಿ ನಮ್ಮ ಮತಯಂತ್ರಕ್ಕೆ ನೋಟಾ ಬಂತು. ಸಿನಿಮಾ ಅದಕ್ಕಿಂತ 28 ವರ್ಷ ಹಳೆಯದು! ಇಲ್ಲಿ ಕೇಳಬೇಕಾದ ಪ್ರಶ್ನೆ: ‘ಜನ ಇವನಿಗೇ ಓಟು ಹಾಕಿ ಗೆಲ್ಲಿಸಿಬಿಟ್ಟರೆ ಇವನಿಗೆ ಒಳ್ಳೆಯದಾ, ಕೆಟ್ಟದ್ದಾ?’ ಸುಳಿವು ಬೇಕಾದರೆ ಮೇಯರ್‌ಗೆ ಸಂಬಳ ಇರುತ್ತದೆ ಅಂತ ಹೇಳಿ, ಎರಡನೇ ನಿಯಮದ ಕಡೆ ಬೆರಳು ತೋರಿಸಿ. ಹತ್ತು ವರ್ಷದ ಮಕ್ಕಳೂ ಹಿಡಿದುಬಿಡುತ್ತಾರೆ.

ಯಾಂಕೀಸ್ ಪಂದ್ಯ ಮುಗಿದ ಮೇಲೆ ರಿಮೋಟ್ ದೂರ ಇಡಿ. ಅಲ್ಲಿಂದ ಕೊನೆಯವರೆಗೆ ಯಾರೂ ನಿಲ್ಲಿಸಬಾರದು. ಕಾಫಿಗೆ ಏಳುವವರು ಅದಕ್ಕೆ ಮುಂಚೆಯೇ ಎದ್ದು ಬರಲಿ. ಕೊನೆಯ ನಿಮಿಷಗಳಲ್ಲಿ ಗಡಿಯಾರ ಓಡುತ್ತಿರುತ್ತದೆ. ಒಂದು ಸಣ್ಣ ಮಾತು ತಪ್ಪಿಹೋದರೂ ಮುಕ್ತಾಯ ಅರ್ಥವಾಗುವುದಿಲ್ಲ.

ಹಂತ 6: ಈಗ ನಿಮ್ಮ ಮನೆಯ ಆಟ

ಸಿನಿಮಾ ಮುಗಿದ ತಕ್ಷಣ, ಆ ಬಿಸಿಯಲ್ಲೇ ಈ ಆಟ ಆಡಿ. ಮರುದಿನಕ್ಕೆ ಮುಂದೂಡಿದರೆ ಆ ಹುರುಪು ಇರುವುದಿಲ್ಲ.

ಲೆಕ್ಕವನ್ನು ನಮ್ಮ ಅಳತೆಗೆ ತನ್ನಿ. ಪ್ರತಿಯೊಬ್ಬರ ಕೈಯಲ್ಲೂ 30 ಲಕ್ಷ ರೂಪಾಯಿ ಇದೆ ಅಂತ ಇಟ್ಟುಕೊಳ್ಳಿ. 30 ದಿನ, ದಿನಕ್ಕೆ ಒಂದು ಲಕ್ಷ. ದಾನಕ್ಕೆ ಒಂದೂವರೆ ಲಕ್ಷದ ಮಿತಿ. ಜೂಜನ್ನು ಮನೆಯ ಆಟದಿಂದ ತೆಗೆದುಹಾಕಿ. ಉಡುಗೊರೆಯನ್ನೂ ದಾನದ ಲೆಕ್ಕಕ್ಕೇ ಸೇರಿಸಿ. ಇಲ್ಲದಿದ್ದರೆ ಎಲ್ಲರೂ ಅತ್ತೆಗೆ, ಚಿಕ್ಕಪ್ಪನಿಗೆ ಚಿನ್ನ ಕೊಟ್ಟು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಹದಿನೈದು ನಿಮಿಷ ಕೊಡಿ. ಎಲ್ಲರೂ ತಮ್ಮ ಪುಟದಲ್ಲಿ ಖರ್ಚಿನ ಪಟ್ಟಿ ಬರೆಯಲಿ.

ಲೆಕ್ಕ ಪರಿಶೀಲನೆಯ ಕೆಲಸವನ್ನು ಮನೆಯ ಹಿರಿಯರಿಗೆ ಕೊಡಿ, ಅಜ್ಜಿ ಇದ್ದರೆ ಅಜ್ಜಿಗೇ. ಈ ಕೆಲಸಕ್ಕೆ ಇಂಗ್ಲಿಷ್ ಬೇಕಿಲ್ಲ. ಯಾವುದಕ್ಕೆ ಎಷ್ಟು ಬೆಲೆ, ಯಾವುದು ಮಾರಿದರೆ ದುಡ್ಡು ಬರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅವರು ‘ಇದು ಆಸ್ತಿ’ ಅಂದರೆ ಆ ಸಾಲು ಹೊಡೆದುಹಾಕಬೇಕು, ಆ ದುಡ್ಡು ಮತ್ತೆ ಕೈಗೆ ಬರುತ್ತದೆ. ಮೂರು ಸುತ್ತು ಆಡಿ. ಯಾರ ಕೈಯಲ್ಲಿ ಉಳಿದ ದುಡ್ಡು ಕಡಿಮೆಯೋ ಅವರು ಗೆದ್ದರು.

ಜಗಳ ಬರುವುದು ಖಂಡಿತ. ಬರಲಿ, ಆಟದ ಮಜವೇ ಅದು. ಸಾಮಾನ್ಯವಾಗಿ ತಕರಾರು ಏಳುವ ಕಡೆಗಳನ್ನು ಮತ್ತು ನನ್ನ ತೀರ್ಪನ್ನು ಇಲ್ಲಿ ಕೊಡುತ್ತೇನೆ. ಪರಿಶೀಲಿಸುವವರು ಇದನ್ನು ಮುಂಚೆ ಓದಿಕೊಳ್ಳಲಿ.

ಚಿನ್ನ ನಡೆಯುವುದಿಲ್ಲ. ‘ಮಜೂರಿ, ವೇಸ್ಟೇಜ್ ಹೋಯ್ತಲ್ಲ, ಅದು ಖರ್ಚೇ’ ಅಂತ ಜಾಣರು ವಾದ ಮಾಡುತ್ತಾರೆ. ಮಾತು ನಿಜ. ಆದರೆ ಉಳಿದ ಚಿನ್ನ ಅವರ ಕೈಯಲ್ಲೇ ಇದೆ, ಎರಡನೇ ನಿಯಮ ಮುರಿದಂತೆಯೇ.

ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸ್ ದೊಡ್ಡ ಬಲೆ. ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟೆ, ಖರ್ಚಾಯಿತು ಅಂತ ಮಕ್ಕಳು ಬರೆಯುತ್ತಾರೆ. ಅದು ವಾಪಸ್ ಬರುವ ದುಡ್ಡು, ಹಾಗಾಗಿ ಆಸ್ತಿ. ತಿಂಗಳ ಬಾಡಿಗೆ ಮಾತ್ರ ಖರ್ಚು. ಇನ್ನೂ ಚುರುಕಾದವರು ಒಂದು ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿದೆ ಅನ್ನುತ್ತಾರೆ. ಅದೂ ಪೂರ್ತಿ ನಡೆಯುವುದಿಲ್ಲ. 30ನೇ ದಿನ ಮುಗಿದಾಗ ಇನ್ನೂ ಹನ್ನೊಂದು ತಿಂಗಳು ಅಲ್ಲಿ ವಾಸಿಸುವ ಹಕ್ಕು ಅವರ ಕೈಯಲ್ಲಿರುತ್ತದೆ. ಲೆಕ್ಕ ಬರೆಯುವವರು ಇದನ್ನು ಮುಂಗಡ ಖರ್ಚು ಅನ್ನುತ್ತಾರೆ. ಬಳಸಿ ಮುಗಿಯುವವರೆಗೆ ಅದನ್ನು ಆಸ್ತಿಯ ಕಡೆಗೇ ಬರೆಯುತ್ತಾರೆ. ಶಾಲೆಯ ವರ್ಷದ ಫೀಸು, ವರ್ಷದ ಮೊಬೈಲ್ ರೀಚಾರ್ಜ್, ಜಿಮ್ ಸದಸ್ಯತ್ವ ಎಲ್ಲಕ್ಕೂ ಇದೇ ತೀರ್ಪು.

ಸಾಲ ತೀರಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಇದಕ್ಕೆ ಅರ್ಧ ಮಾತ್ರ ಒಪ್ಪಿಗೆ. ಬಡ್ಡಿ ಖರ್ಚು. ಅಸಲು ಖರ್ಚಲ್ಲ. ಮನೆ ಸಾಲದ ಅಸಲು ತೀರಿಸಿದಷ್ಟೂ ಮನೆಯಲ್ಲಿ ನಿಮ್ಮ ಪಾಲು ಹೆಚ್ಚುತ್ತದೆ. ಇದನ್ನು ಮಕ್ಕಳಿಗೆ ಅರ್ಥ ಮಾಡಿಸಲು ಹತ್ತು ನಿಮಿಷ ಹಿಡಿಯಬಹುದು. ಹಿಡಿಯಲಿ. ಕಂತು ಕಟ್ಟುತ್ತಿರುವ ಅಪ್ಪ-ಅಮ್ಮ ತಮ್ಮ ಸಾಲದ ಪಟ್ಟಿಯನ್ನೇ ತೋರಿಸಿ, ಪ್ರತಿ ಕಂತಿನಲ್ಲೂ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ವಿವರಿಸಲು ಇದು ಒಳ್ಳೆ ಸಮಯ.

ವಿಮೆಯಲ್ಲಿ ಎರಡು ಬಗೆ. ಅವಧಿ ಮುಗಿದಾಗ ಅಥವಾ ನಡುವೆ ಬಿಟ್ಟಾಗ ದುಡ್ಡು ವಾಪಸ್ ಕೊಡುವ ಪಾಲಿಸಿ ಆಸ್ತಿ. ಬರೀ ಟರ್ಮ್ ಪಾಲಿಸಿಯ ಪ್ರೀಮಿಯಂ ಖರ್ಚು, ಅದೂ ಕಳೆದ ದಿನಗಳ ಮಟ್ಟಿಗೆ.

ಅಜ್ಜನ ಕಣ್ಣಿನ ಪೊರೆಯ ಆಪರೇಷನ್ ಪೂರ್ತಿ ಖರ್ಚು, ಯಾವ ತಕರಾರೂ ಇಲ್ಲ. ಹಲ್ಲಿನ ಚಿಕಿತ್ಸೆ ಸರಿ. ಆದರೆ ಚಿನ್ನದ ಹಲ್ಲು ಅಂದರೆ ಅಜ್ಜಿ ಬಿಡುವುದಿಲ್ಲ.

ಮದುವೆ ಮಾಡಿ ಮುಗಿಸುತ್ತೇನೆ ಅನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಛತ್ರ, ಅಡುಗೆಯವರು, ವಾಲಗ, ಹೂವು, ಊಟ ಎಲ್ಲ ಖರ್ಚು. ಒಡವೆ, ಬೆಳ್ಳಿ ಪಾತ್ರೆ ಆಸ್ತಿ. ರೇಷ್ಮೆ ಸೀರೆ? ಜರಿಯ ಸೀರೆಗೆ ಹಳೆಯದಾದರೂ ಬೆಲೆ ಇದೆ, ಕೊಳ್ಳುವವರೂ ಇದ್ದಾರೆ. ಆಸ್ತಿ ಅನ್ನುವುದೇ ನನ್ನ ತೀರ್ಪು. ಇನ್ನೊಂದು ವಿಷಯ, ಬಂದ ಮುಯ್ಯಿ ಹಿಂದಕ್ಕೆ ಕೈ ಸೇರುತ್ತದೆ, ಅದನ್ನೂ ಖರ್ಚು ಮಾಡಬೇಕು! ಮಾಂಟಿಗೆ ಲಾಭ ಬಂದು ಕಾಡುವ ಕಷ್ಟ ಹೇಗಿರುತ್ತದೆ ಅಂತ ಆಗ ಮಕ್ಕಳಿಗೆ ಸರಿಯಾಗಿ ಗೊತ್ತಾಗುತ್ತದೆ.

ಕರಾವಳಿಯವರು ಯಕ್ಷಗಾನದ ಆಟ ಆಡಿಸುತ್ತೇವೆ ಅನ್ನಬಹುದು. ಒಪ್ಪಿಗೆ. ಮೇಳಕ್ಕೆ ಕೊಟ್ಟ ದುಡ್ಡಿಗೆ ಆಟ ಸಿಕ್ಕಿದೆ, ಮೂರನೇ ನಿಯಮ ಪಾಲಿಸಿದಂತಾಯಿತು, ಬೆಳಗಾದರೆ ಕೈಯಲ್ಲಿ ಏನೂ ಉಳಿದಿಲ್ಲ. ದೇವಸ್ಥಾನದ ಹುಂಡಿಗೆ ಹಾಕಿದ್ದು ಮಾತ್ರ ದಾನದ ಮಿತಿಯೊಳಗೆ ಬರಬೇಕು. ಊರವರನ್ನೆಲ್ಲ ಬಸ್ಸು ಮಾಡಿ ಪ್ರವಾಸ ಕರೆದೊಯ್ಯುವುದೂ ಸರಿ. ಬಸ್ಸಿಗೆ ಕಟ್ಟಿದ ಠೇವಣಿ ವಾಪಸ್ ಬರುವುದಾದರೆ ಅಷ್ಟನ್ನು ಕಳೆಯಿರಿ.

ಕೊನೆಯದಾಗಿ ಅಂಚೆಚೀಟಿಯ ಉಪಾಯ. ‘ದುಬಾರಿ, ಆದರೆ ಬಳಸಿದರೆ ಮುಗಿದೇ ಹೋಗುವಂಥದ್ದು’ ಏನಿದೆ ಅಂತ ಯೋಚಿಸಲು ಎಲ್ಲರಿಗೂ ಹೇಳಿ. ಕಾಶ್ಮೀರದ ಕೇಸರಿ ತಂದು ಇಡೀ ಬೀದಿಗೆ ಕೇಸರಿಬಾತ್ ಮಾಡುವುದು, ಒಳ್ಳೆ ಗಂಧದೆಣ್ಣೆ ದೀಪಕ್ಕೆ ಸುರಿಯುವುದು, ಊರ ಜಾತ್ರೆಗೆ ಒಂದು ರಾತ್ರಿಯ ದೀಪಾಲಂಕಾರ ಮಾಡಿಸುವುದು. ಇಂಥ ಉಪಾಯ ಕೊಟ್ಟವರಿಗೆ ಒಂದು ಅಂಕ ಜಾಸ್ತಿ ಕೊಡಿ.

ಹಂತ 7: ಮುಂದಿನ ವಾರಕ್ಕೆ ‘ಅರುಣಾಚಲಂ’

ಈ ಕಥೆ ಭಾರತಕ್ಕೆ ಬಹಳ ಹಿಂದೆಯೇ ಬಂದಿದೆ. 1954ರಲ್ಲಿ ತೆಲುಗಿನಲ್ಲಿ ‘ವದ್ದಂಟೇ ಡಬ್ಬು’ ಬಂತು. 1988ರಲ್ಲಿ ಹಿಂದಿಯಲ್ಲಿ ನಸೀರುದ್ದೀನ್ ಶಾ ಅವರ ‘ಮಾಲಾಮಾಲ್’ ಬಂತು. ಎಲ್ಲರಿಗೂ ಗೊತ್ತಿರುವುದು 1997ರ ತಮಿಳು ಚಿತ್ರ ‘ಅರುಣಾಚಲಂ’. ನಿರ್ದೇಶನ ಸುಂದರ್ ಸಿ. ನಾಯಕ ರಜನಿಕಾಂತ್, ಜೊತೆಗೆ ನಮ್ಮ ಕೋಲಾರ ಜಿಲ್ಲೆಯ ಸೌಂದರ್ಯ. ಅಲ್ಲಿ 30 ದಿನದಲ್ಲಿ 30 ಕೋಟಿ ರೂಪಾಯಿ ಕರಗಿಸಿದರೆ 3,000 ಕೋಟಿ.

ಎಚ್ಚರ, ಇದು ಉದ್ದದ ಸಿನಿಮಾ. ದುಡ್ಡಿನ ಕಥೆ ಶುರುವಾಗುವುದು ಸಾಕಷ್ಟು ಹೊತ್ತಾದ ಮೇಲೆ. ಅಲ್ಲಿಯವರೆಗೆ ಕುಟುಂಬದ ಕಥೆ, ಪ್ರೀತಿ, ಹಾಡು. ಮಕ್ಕಳು ತಾಳ್ಮೆ ಕಳೆದುಕೊಳ್ಳದಂತೆ ಮೊದಲೇ ಹೇಳಿಡಿ. ಅಜ್ಜಿಗೆ ಬಹುಶಃ ಇದೇ ಜಾಸ್ತಿ ಇಷ್ಟವಾಗುತ್ತದೆ. ಹಳೆಯ ಹಾಳೆಯನ್ನು ಎಸೆಯದೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾವ ನಿಯಮ ಹಾಗೇ ಉಳಿದಿದೆ, ಯಾವುದು ಬದಲಾಗಿದೆ ಅಂತ ಗುರುತು ಹಾಕುತ್ತಾ ನೋಡಿ.

ಮಕ್ಕಳು ಕೇಳುವ ಎರಡು ಪ್ರಶ್ನೆ

‘ಇಂಥ ವಿಲ್ ನಿಜವಾಗಲೂ ಬರೆಯಬಹುದಾ?’ ಷರತ್ತು ಹಾಕಿ ವಿಲ್ ಬರೆಯುವುದಕ್ಕೆ ನಮ್ಮ ಕಾನೂನಿನಲ್ಲೂ ಅವಕಾಶ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆಗದ ಷರತ್ತು, ಕಾನೂನುಬಾಹಿರ ಷರತ್ತು, ಅನೈತಿಕ ಷರತ್ತು ಹಾಕಿದರೆ ಆ ಕೊಡುಗೆ ಊರ್ಜಿತವಾಗುವುದಿಲ್ಲ. ಅಂದಹಾಗೆ, ಸತ್ತವರ ಆಸ್ತಿಯ ಮೇಲೆ ನಮ್ಮಲ್ಲಿದ್ದ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ ರದ್ದಾದದ್ದು ಈ ಸಿನಿಮಾ ಬಂದ 1985ರಲ್ಲೇ.

‘ನಮಗೆ ಲಾಟರಿ ಹೊಡೆದರೆ?’ ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ಪಕ್ಕದ ಕೇರಳದಲ್ಲಿ ಸರ್ಕಾರವೇ ನಡೆಸುತ್ತದೆ. ಅಲ್ಲಿ ಬಹುಮಾನ ಬಂದರೂ ಶೇ 30 ಆದಾಯ ತೆರಿಗೆ, ಅದರ ಮೇಲೆ ಸೆಸ್ ಇರುತ್ತದೆ. ಮೊತ್ತ ದೊಡ್ಡದಾದರೆ ಸರ್‌ಚಾರ್ಜ್ ಕೂಡ ಸೇರುತ್ತದೆ. ತೆರಿಗೆಯನ್ನು ಹಿಡಿದುಕೊಂಡೇ ದುಡ್ಡು ಕೊಡುತ್ತಾರೆ. ‘ನಿಮಗೆ ಲಾಟರಿ ಬಂದಿದೆ, ಮೊದಲು ಶುಲ್ಕ ಕಟ್ಟಿ’ ಅಂತ ಫೋನೋ ಮೆಸೇಜೋ ಬಂದರೆ ಅದು ಮೋಸ. ಟಿಕೆಟ್ಟೇ ಕೊಳ್ಳದವರಿಗೆ ಬಹುಮಾನ ಬರುವುದಿಲ್ಲ ಅಂತ ಅದೇ ಹಾಳೆಯ ಕೆಳಗೆ ಬರೆದುಬಿಡಿ, ಮನೆಯವರೆಲ್ಲರ ಕಣ್ಣಿಗೆ ಬೀಳಲಿ.